ಮೋನಪ್ಪ ಮಿಸ್ತ್ರಿ ಒಯ್ದ ಬಾಗಿಲು

ಬಸ್ಸು ಪೂರ್ತಿ ನಿಂತ ಮೇಲೆ ಸೀಟಿನಿಂದ ಏಳುವ ಜನರನ್ನು ಕಂಡರೆ ನನಗೆ ಬಹಳ ಗೌರವ. ಅಂಥವರ ಮನೆಯಲ್ಲಿ ಹಾಲು ತಾನಾಗಿಯೇ ಕಾಯುತ್ತದೆ, ಅನ್ನ ತಾನಾಗಿಯೇ ಬೇಯುತ್ತದೆ, ಅವರು ಮುಚ್ಚಳ ತೆಗೆದು ತೆಗೆದು ನೋಡುವುದಿಲ್ಲ ಎಂದು ನನ್ನ ಊಹೆ. ನಾನು ಆ ಪೈಕಿಯವಳಲ್ಲ. ಹುಮನಾಬಾದಿನ ಶಾಲೆ ಮುಗಿಸಿ ಬಸವಕಲ್ಯಾಣಕ್ಕೆ ಮರಳುವಾಗ, ಊರಿನ ಕಡೆ ತಿರುಗುವ ಬಂಗ್ಲಾ ಕ್ರಾಸು ಕಣ್ಣಿಗೆ ಬೀಳುವ ಮೊದಲೇ ಬ್ಯಾಗು ಹೆಗಲಿಗೇರಿಸಿಕೊಂಡು ಡ್ರೈವರನ ಹಿಂದೆ ಹೋಗಿ ನಿಂತುಬಿಡುತ್ತೇನೆ. ನಾನು ನಿಂತ ಮಾತ್ರಕ್ಕೆ ಬಸ್ಸು ಜೋರಾಗಿ ಓಡುವುದಿಲ್ಲ ಎಂದು ಕಂಡಕ್ಟರುಗಳು ಎಷ್ಟೋ ಸಲ ಹೇಳಿದ್ದಾರೆ. ಅದು ನನಗೂ ಗೊತ್ತು, ನಾನು ವಿಜ್ಞಾನದ ಟೀಚರು. ಆದರೂ ಕೂತಿರಲು ಆಗುವುದಿಲ್ಲ. ಇಂಥ ಸ್ವಭಾವದವರು ಜೀವನದಲ್ಲಿ ಬೇಕಾದ್ದು ಮಾಡಬಹುದು, ಬಡಿಗರನ್ನು ಮಾತ್ರ ಕೆಲಸಕ್ಕೆ ಹಚ್ಚಬಾರದು. ನಾನು ಹಚ್ಚಿದೆ. ಅದೂ ಮನೆಯ ಮುಂಬಾಗಿಲಿಗೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಲ್ಯಾಣದ ಹಳೆ ಓಣಿಯೊಂದರಲ್ಲಿ ನಾವೊಂದು ಮನೆ ಕೊಂಡಿದ್ದೆವು. ನಮ್ಮ ಯಜಮಾನರಿಗೆ ಹುಮನಾಬಾದಿನ ಹೊರಗೆ ಒಂದು ಔಷಧಿ ಕಾರ್ಖಾನೆಯಲ್ಲಿ ಪಾಳಿ ಕೆಲಸ, ನನಗೆ ಅದೇ ಊರಲ್ಲಿ ಶಾಲೆ. ಮಗಳು ಅಂಬು ಆಗಿನ್ನೂ ಚಿಕ್ಕವಳು, ಮಧ್ಯಾಹ್ನಕ್ಕೇ ಶಾಲೆ ಬಿಟ್ಟು ಬರುವಳು. ಅವಳನ್ನು ನೋಡಿಕೊಳ್ಳಲೆಂದು ಅತ್ತೆ ಮೋರಖಂಡಿಯಿಂದ ಬಂದು ನಮ್ಮ ಜೊತೆಗಿದ್ದರು. ಮೋರಖಂಡಿಯಲ್ಲಿ ಭಾವನವರದು ತುಂಬಿದ ಮನೆ. ಹೊಲ, ಎಮ್ಮೆ, ಆಳುಕಾಳು, ಬಂದು ಹೋಗುವವರು. ಇಲ್ಲಿಯೋ, ನಾನು ಬೆಳಿಗ್ಗೆ ಹೊರಡುವಾಗ, ಇದು ಪಟ್ಟಣ, ಯಾರು ಬಡಿದರೂ ಬಾಗಿಲು ತೆಗೆಯಬೇಡಿ ಎಂದು ಹೇಳಿ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಮೆಟ್ಟಿಲು ಇಳಿಯುತ್ತಿದ್ದೆ. ಅತ್ತೆ ಏನೂ ಅನ್ನುತ್ತಿರಲಿಲ್ಲ. ಹಾಗೆ ಏನೂ ಅನ್ನದೆ ಇದ್ದವರು ದಸರೆಯ ಮರುದಿನ ಊಟಕ್ಕೆ ಕೂತಾಗ, ದೀಪಾವಳಿ ಮುಗಿಸಿಕೊಂಡು ಊರಿಗೆ ಹೋಗಿಬಿಡುವುದಾಗಿ, ತೊಗರಿ ರಾಶಿಗೆ ತಾವಿಲ್ಲದಿದ್ದರೆ ನಡೆಯುವುದಿಲ್ಲವೆಂದು, ತಿರುಗಿ ಬರುವ ವಿಚಾರ ಇಲ್ಲವೆಂದು ಒಂದೇ ಉಸಿರಿಗೆ ಹೇಳಿ, ಮಜ್ಜಿಗೆ ಕೇಳಿದರು.

ನಾನು ಮಜ್ಜಿಗೆ ಎಂದುಕೊಂಡು ಅವರ ತಟ್ಟೆಗೆ ನೀರು ಬಡಿಸಿದೆ. ಅತ್ತೆ ಹೋದರೆ ಅಂಬುವನ್ನು ನೋಡುವವರಿಲ್ಲ, ನೋಡುವವರಿಲ್ಲದಿದ್ದರೆ ನನ್ನ ನೌಕರಿ ಇಲ್ಲ. ಆ ರಾತ್ರಿ ಯಜಮಾನರ ಮುಂದೆ ನನ್ನ ಚಿಂತೆಯನ್ನೆಲ್ಲ ಸುರಿದೆ. ಅವರು "ಆಗ್ತದ ಬಿಡು" ಎಂದರು. ಇದು ಅವರು ಎಲ್ಲದಕ್ಕೂ ಹೇಳುವ ಮಾತು. ಕಾರ್ಖಾನೆಯಲ್ಲಿ ಬಾಯ್ಲರು ಕೆಟ್ಟರೂ, ಮನೆಯಲ್ಲಿ ಸಕ್ಕರೆ ತೀರಿದರೂ, ಅಂಬುವಿಗೆ ಜ್ವರ ಬಂದರೂ ಆಗ್ತದ ಬಿಡು. ಏನು ಆಗುತ್ತದೆ, ಯಾರು ಬಿಡಬೇಕು ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ದೊಡ್ಡ ಚಿಂತೆಗೆ ದಾರಿ ಕಾಣದಿದ್ದಾಗ ನಾನು ಒಂದು ಸಣ್ಣ ಚಿಂತೆಯನ್ನು ಹುಡುಕಿ ಕೈಗೆತ್ತಿಕೊಳ್ಳುತ್ತೇನೆ. ಆ ವಾರ ನನ್ನ ಕಣ್ಣಿಗೆ ಬಿದ್ದದ್ದು ಮುಂಬಾಗಿಲು. ಅದರ ಕೆಳ ಅಂಚಿಗೆ ಗೆದ್ದಲು ಹತ್ತಿ, ಕಸಬರಿಗೆ ತಾಗಿದರೆ ಪುಡಿ ಉದುರುತ್ತಿತ್ತು. ಎದುರು ಮನೆಯ ರಜಿಯಾಬಿ ಮೋನಪ್ಪ ಮಿಸ್ತ್ರಿಯ ಹೆಸರು ಹೇಳಿದಳು. ಹೇಳಿ ಕಳಿಸಿದ ದಿನವೇ ಮೋನಪ್ಪ ಬಂದುಬಿಟ್ಟ. ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ನಡುವಯಸ್ಸಿನ ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಹೆಗಲಲ್ಲಿ ಉಳಿ ಸುತ್ತಿಗೆಗಳ ಗೋಣಿಚೀಲ. ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದ, ಕಿವಿ ಹಚ್ಚಿ ಕೇಳಿದ, ಕೊನೆಗೆ ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಹಾಗೆ ದನಿ ತಗ್ಗಿಸಿ, ಒಳಗೆ ಬರೀ ಹೊಟ್ಟು ಉಳಿದಿದೆ, ಇದರ ಆಸೆ ಬಿಡಿ ಎಂದ. ಸಾಗವಾನಿಯಲ್ಲಿ ಹೊಸದು ಮಾಡಿಕೊಡುವುದಾಗಿಯೂ ದೀಪಾವಳಿಯ ದೀಪ ಹೊಸ ಬಾಗಿಲ ಮುಂದೆಯೇ ಎಂದೂ ಮಾತು ಕೊಟ್ಟ. ಅಳತೆಗೆ ಬೇಕೆಂದು ಹಳೆಯ ಬಾಗಿಲನ್ನು ಆಗಲೇ ಬಿಚ್ಚತೊಡಗಿದ. ಆ ಚುರುಕು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೇ ಒಂದು ತುದಿ ಹಿಡಿದು ಬಾಗಿಲನ್ನು ತಳ್ಳುಬಂಡಿಗೆ ಏರಿಸಲು ಸಹಾಯ ಮಾಡಿದೆ. ಬಂಡಿ ಓಣಿಯ ತಿರುವು ದಾಟಿ ಮರೆಯಾದ ಮೇಲೆ ಬೆನ್ನಿಗೆ ತಂಪು ಗಾಳಿ ಬಡಿಯಿತು. ತಿರುಗಿ ನೋಡಿದರೆ ನಮ್ಮ ಅಡುಗೆಮನೆಯ ಡಬ್ಬಿಗಳು ಬೀದಿಗೆ ಕಾಣುತ್ತಿದ್ದವು.

ಶಾಲೆಯಲ್ಲಿ ಹೇಳಿದಾಗ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡು ನಕ್ಕರು. ಬಡಿಗನಿಗೆ ಮರ ಕೊಡಬಹುದು, ಮಾಡಿದ್ದನ್ನು ಕೊಡಬಾರದು ಎಂಬುದು ಇಡೀ ಹುಮನಾಬಾದಿಗೆ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲವಂತೆ. ಬಾಗಿಲು ಒಯ್ದವನನ್ನು ಬಿಟ್ಟು ಬೇರೆಯವನನ್ನು ಕರೆಯುವ ಹಾಗಿಲ್ಲ. ಗಿರಾಕಿ ಅವನ ಕೈಯಲ್ಲಿ ಸಿಕ್ಕಿಬಿದ್ದ ಹಾಗೆಯೇ. ಅವನ ಕೆಲಸ ಒಂದೇ ಕಾಲಕ್ಕೆ ಹಲವು ಮನೆಗಳಲ್ಲಿ ನಡೆದಿರುತ್ತದೆ, ಅಂದರೆ ಹಲವು ಮನೆಗಳಲ್ಲಿ ನಿಂತಿರುತ್ತದೆ. ನಮ್ಮ ಹಿಂದಿ ಮೇಷ್ಟ್ರು ಅಡುಗೆಮನೆಯ ಕಪಾಟಿಗೆ ಬಡಿಗನನ್ನು ಹಚ್ಚಿದಾಗ ಅವರ ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಳಂತೆ. ಕಪಾಟಿಗೆ ಹಿಡಿಕೆ ಬರುವ ಹೊತ್ತಿಗೆ ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವರು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಋತುಮಾನಗಳ ಬಗ್ಗೆ ಹೇಳುವ ಹಾಗೆ ಹೇಳಿದರು.

ಬಾಗಿಲಿದ್ದ ಜಾಗಕ್ಕೆ ನವಿಲಿನ ಚಿತ್ರದ ಹಾಸಿಗೆ ಚಾದರ ಕಟ್ಟಿದೆ. ರಾತ್ರಿ ಅದರ ಹಿಂದೆ ಕಬ್ಬಿಣದ ಮಂಚ ಅಡ್ಡ ಹಾಕಿ ಯಜಮಾನರು ಮಲಗುತ್ತಿದ್ದರು. ಅವರು ರಾತ್ರಿ ಪಾಳಿಗೆ ಹೋದಾಗ ನಾನು ಮಲಗುತ್ತಿದ್ದೆ. ಮಲಗುತ್ತಿದ್ದೆ ಎನ್ನುವುದು ಮಾತಿಗೆ ಅಷ್ಟೇ. ಗಾಳಿಗೆ ನವಿಲು ಅಲುಗಿದಾಗಲೆಲ್ಲ ಎದ್ದು ಕೂರುತ್ತಿದ್ದೆ. ಹಗಲಿನ ಕಷ್ಟವೇ ಬೇರೆ. ಚಾದರವನ್ನು ಬಡಿಯಲು ಬರುವುದಿಲ್ಲ. ಆದ್ದರಿಂದ ಬಂದವರೆಲ್ಲ ಹೊರಗೆ ನಿಂತು ಕೆಮ್ಮತೊಡಗಿದರು. ಪೋಸ್ಟಿನವನು ಒಣ ಕೆಮ್ಮು ಕೆಮ್ಮುತ್ತಿದ್ದ, ಹಾಲಿನವನು ಕಫದ್ದು. ಸ್ವಲ್ಪ ದಿನಕ್ಕೆ ನಮ್ಮ ಓಣಿಯನ್ನು ಹಾದು ಹೋಗುವ ಹೊಸಬರು, ಇಲ್ಲಿಯ ನೀರು ಚೆನ್ನಾಗಿಲ್ಲ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಬಾಗಿಲಿಲ್ಲದ ಮನೆಗೆ ಕಾವಲು ಬೇಕಲ್ಲ, ಅತ್ತೆ ಹೊಸ್ತಿಲ ಒಳಗೆ ಚಾಪೆ ಹಾಸಿಕೊಂಡು, ಚಾದರವನ್ನು ಒಂದು ಬದಿಗೆ ಸರಿಸಿ, ಮೊರದಲ್ಲಿ ಜೋಳ ಹಾಕಿಕೊಂಡು ಕೂತರು. ಮೊದಲು ರಜಿಯಾಬಿ ಬಂದಳು. ಆಮೇಲೆ ಅವಳ ಪಕ್ಕದವರು, ಅವರ ಹಿಂದಿನ ಓಣಿಯವರು. ನಾನು ಸಂಜೆ ಬಸ್ಸಿಳಿದು ಬಂದರೆ ನಮ್ಮ ಪಡಸಾಲೆಯಲ್ಲಿ ಹೆಸರು ಗೊತ್ತಿಲ್ಲದ ಹೆಂಗಸರು ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಒಬ್ಬರ ಸೊಸೆಯ ತಕರಾರಿಗೆ ಅತ್ತೆ ತೀರ್ಪು ಕೊಡುತ್ತಿದ್ದರು, ಇನ್ನೊಬ್ಬರ ಕೂಸಿಗೆ ಹೊಟ್ಟೆನೋವಿನ ಔಷಧಿ ಹೇಳುತ್ತಿದ್ದರು. ಅಂಬು ಮೆಟ್ಟಿಲ ಮೇಲೆ ಕೂತು ಅಷ್ಟೂ ಜನರ ಮುಂದೆ ಮಗ್ಗಿ ಒಪ್ಪಿಸಿ ಬೆಲ್ಲ ಗಿಟ್ಟಿಸುತ್ತಿದ್ದಳು. ನನಗೆ ಮಾತ್ರ ಜೀವ ಕೈಯಲ್ಲಿ. ಇಷ್ಟು ಮಂದಿ ಒಳಗೆ ಹೊರಗೆ ಓಡಾಡುತ್ತಾರೆ, ಮನೆಗೆ ಬಾಗಿಲಿಲ್ಲ, ಯಾವ ಡಬ್ಬಿ ಎಲ್ಲಿದೆ ಎಂಬುದು ನನಗಿಂತ ಓಣಿಗೇ ಹೆಚ್ಚು ಗೊತ್ತು.

ದೀಪಾವಳಿ ಬಂತು, ಹೋಯಿತು. ಬಾಗಿಲು ಬರಲಿಲ್ಲ. ಭಾವನವರು ಕರೆದೊಯ್ಯಲು ಬಂದರೆ ಅತ್ತೆ, ಬಾಗಿಲಿಲ್ಲದ ಮನೆ ಬಿಟ್ಟು ಹೇಗೆ ಬರಲಿ, ಬಾಗಿಲು ಕೂತ ಮರುದಿನವೇ ಬರುತ್ತೇನೆ ಎಂದು ಹೇಳಿ ಕಳಿಸಿದರು. ಈಗ ನನ್ನ ಸ್ಥಿತಿ ನೋಡಿ. ಬಾಗಿಲು ಬಂದರೆ ಅತ್ತೆ ಹೋಗುತ್ತಾರೆ. ಬುದ್ಧಿ ಇದ್ದವರಾದರೆ ಬಾಗಿಲಿನ ಸುದ್ದಿಯನ್ನೇ ಎತ್ತದೆ ಸುಮ್ಮನಿರುತ್ತಿದ್ದರು. ಆದರೆ ಸುಮ್ಮನಿರುವುದೇ ನನಗೆ ಬರದ ವಿದ್ಯೆ. ತರಗತಿಯಲ್ಲಿ ದ್ರವ್ಯದ ಸ್ಥಿತಿಗಳನ್ನು ಕಲಿಸುತ್ತ, ಘನ ವಸ್ತುವಿಗೆ ಉದಾಹರಣೆ ಕೇಳಿ, ಮಕ್ಕಳು ಕಲ್ಲು ಎಂದರೂ ಇಟ್ಟಿಗೆ ಎಂದರೂ ಒಪ್ಪದೆ, ಯಾರೋ ಒಬ್ಬಳು ಬಾಗಿಲು ಎಂದ ಮೇಲೆಯೇ ಮುಂದೆ ಹೋಗುತ್ತಿದ್ದೆ.

ಮೋನಪ್ಪನನ್ನು ಹುಡುಕತೊಡಗಿದೆ. ಅವನ ಅಂಗಡಿಗೆ ಹೋದಾಗಲೆಲ್ಲ ಬೀಗ. ಪಕ್ಕದ ಚಹಾದಂಗಡಿಯವನ ಹತ್ತಿರ ಹೇಳಿ ಬಂದರೆ, ಒಮ್ಮೆ ನಾಳೆ ಎಂಬ ಉತ್ತರ, ಒಮ್ಮೆ ಪರಸೋ, ಅಂದರೆ ನಾಡಿದ್ದು ಎಂಬ ಉತ್ತರ, ಒಮ್ಮೆ ಅಮಾವಾಸ್ಯೆ, ಉಳಿ ಮುಟ್ಟುವುದಿಲ್ಲ ಎಂಬ ಉತ್ತರ. ಹುಮನಾಬಾದಿನ ಗಂಜಿನಲ್ಲಿ ದಲ್ಲಾಳಿಯೊಬ್ಬರ ಅಡತಿ ಅಂಗಡಿಗೆ ಮೆತ್ತೆ ಹಾಸಿ ಕೂರುವ ಕಟ್ಟಿಗೆಯ ಕಟ್ಟೆ ಮಾಡುತ್ತಿದ್ದಾನೆಂದು ಕೇಳಿ, ಶಾಲೆ ಬಿಟ್ಟೊಡನೆ ಕಾಳಿನ ಚೀಲಗಳ ನಡುವೆ ದಾರಿ ಮಾಡಿಕೊಂಡು ಹೋದೆ. ಅವನ ಗೋಣಿಚೀಲ ಅಲ್ಲಿತ್ತು, ಮರ ಉಜ್ಜುವ ರಂದಾದಿಂದ ಬಿದ್ದ ಹೊಟ್ಟು ಇನ್ನೂ ತಾಜಾ ಇತ್ತು, ಅವನು ಮಾತ್ರ ಇರಲಿಲ್ಲ. ಈಗಷ್ಟೇ ಇಲ್ಲಿದ್ದ, ನಿಮ್ಮನ್ನು ನೋಡಿದವನೇ ಹಿಂದಿನ ಬಾಗಿಲಿಂದ ಎಲ್ಲಿಗೋ ಹೋದ ಎಂದು ಅಡತಿಯವರು ಆಶ್ಚರ್ಯಪಟ್ಟರು. ಅವರ ಅಂಗಡಿಗೆ ಹಿಂದೆಯೂ ಒಂದು ಬಾಗಿಲಿತ್ತು ಎಂಬುದೇ ನನಗೆ ಹೊಟ್ಟೆಕಿಚ್ಚಿನ ಸಂಗತಿ. ಕಾದೆ, ಅವನು ಬರಲಿಲ್ಲ, ನನ್ನ ಬಸ್ಸು ತಪ್ಪಿತು. ಕತ್ತಲಾದ ಮೇಲೆ ಮನೆಗೆ ಬಂದು ಮೋನಪ್ಪನ ವಂಶವನ್ನೆಲ್ಲ ಬೈದೆ. ಅತ್ತೆ ನನಗೆ ಬಿಸಿ ರೊಟ್ಟಿ ಬಡಿಸುತ್ತ, ಪಾಪ, ಅವನಿಗೂ ಎಷ್ಟು ಕೆಲಸವೋ, ಮಾಡುತ್ತಾನೆ ಬಿಡು ಎಂದು ಸಮಾಧಾನ ಮಾಡಿದರು. ನಮ್ಮ ಯಜಮಾನರ ಸ್ವಭಾವ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತೆಂದುಕೊಂಡೆ.

ಕೊನೆಗೆ ಅವನು ಮನ್ನಾಏಖೇಳ್ಳಿಯಲ್ಲಿದ್ದಾನೆಂದು ಖಚಿತ ಸುದ್ದಿ ಬಂತು. ಹೆದ್ದಾರಿಯ ಮೇಲೆ ಯಾರೋ ಹೊಸ ಹೋಟೆಲು ತೆರೆಯುತ್ತಿದ್ದರಂತೆ, ಅಲ್ಲಿಯ ಕೆಲಸ. ಭಾನುವಾರ ಯಜಮಾನರನ್ನು ಹಾಸಿಗೆಯಿಂದ ಎಬ್ಬಿಸಿ ಬಸ್ಸು ಹತ್ತಿಸಿದೆ. ಮನ್ನಾಏಖೇಳ್ಳಿಯಲ್ಲಿ ಇಳಿದ ಕೂಡಲೇ, ರಸ್ತೆಯಾಚೆ ಬೇವಿನ ಮರದ ಕೆಳಗೆ, ಕಲ್ಲುಗಳ ಮೇಲೆ ಹಲಗೆ ಇಟ್ಟು ಮಾಡಿದ ಉದ್ದನೆಯ ಬೆಂಚಿನ ಮೇಲೆ ಜನ ಚಹಾ ಕುಡಿಯುತ್ತ ಕೂತಿರುವುದು ಕಂಡಿತು. ಹತ್ತಿರ ಹೋದರೆ ಆ ಹಲಗೆಯ ಮೇಲೆ ಅಕ್ಷರಗಳಿದ್ದವು. ನಮ್ಮ ಮನೆಯ ಹಿಂದಿನ ಮಾಲೀಕರು ಕೆಂಪು ಎಣ್ಣೆ ಬಣ್ಣದಲ್ಲಿ ಬಾಗಿಲ ಮೇಲೆ ಬರೆಸಿದ್ದ ಶುಭ, ಲಾಭ. ಶುಭದ ಮೇಲೆ ಒಬ್ಬ ಲಾರಿ ಡ್ರೈವರು ಕೂತಿದ್ದ. ಲಾಭದ ಮೇಲೆ ಭಜಿಯ ತಟ್ಟೆ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಡ್ರೈವರನನ್ನು ಸ್ವಲ್ಪ ಸರಿಯಲು ಹೇಳಿ ನಮ್ಮ ಬಾಗಿಲ ಮೇಲೆ ಕೂತು ಚಹಾ ಹೇಳಿದರು. ಹೋಟೆಲಿನ ಒಳಗೆ ಕೌಂಟರಿಗೆ ಮೊಳೆ ಹೊಡೆಯುತ್ತಿದ್ದ ಮೋನಪ್ಪ ನನ್ನನ್ನು ಕಂಡ. ಆ ಹೋಟೆಲಿಗೆ ಹಿಂದೆ ಗೋಡೆಯಿತ್ತು. ಬೇರೆ ದಾರಿಯಿಲ್ಲದೆ ಎದ್ದು ಹೊರಗೆ ಬಂದ. ದಸರೆಯಿಂದ ಕೂಡಿಟ್ಟ ಮಾತುಗಳನ್ನೆಲ್ಲ ನಾನು ಒಂದರ ಹಿಂದೆ ಒಂದು ಹೇಳಿದೆ. ಮಾತು ಕೊಟ್ಟದ್ದು, ಮಾತು ತಪ್ಪಿದ್ದು, ನಾವು ಚಳಿಯಲ್ಲಿ ಸಾಯುತ್ತಿರುವಾಗ ನಮ್ಮ ಬಾಗಿಲ ಮೇಲೆ ಊರವರು ಭಜಿ ತಿನ್ನುತ್ತಿರುವುದು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಬಾಯಿ ಬಿಟ್ಟ.

"ಹೊಸಾ ಬಾಗಲಾ ಎಂದೋ ತಯಾರ್ ಆಗ್ಯದ್ರಿ ಬಾಯಾರ. ದಿವಳಿಗಿ ಮುಂದ ಬಂಡಿ ಮ್ಯಾಲ ಹಾಕ್ಕೊಂಡು ಬಂದಿದ್ದೆ. ಅಮ್ಮಾರು, ಈಗ ಬ್ಯಾಡ, ಗ್ವಾಡಿಗಿ ಸುಣ್ಣಾ ಹಚ್ಚೋದದ ಅಂತ ವಾಪಸ್ ಕಳಸಿದ್ರು. ಆಮ್ಯಾಲ ಬಂದ್ರ ದಿನಾ ಚಲೋ ಇಲ್ಲಂದ್ರು. ಮತ್ತ ಬಂದ್ರ ಚಹಾ ಕುಡಿಸಿ, ನಾ ಹೇಳಿ ಕಳಸೋತನಕ ಈ ಕಡಿ ಬರಬ್ಯಾಡ ಅಂದ್ರು."

ನಾನು ಯಜಮಾನರ ಮುಖ ನೋಡಿದೆ. ಅವರು ಬಸಿಯಲ್ಲಿ ಚಹಾ ಸುರಿದುಕೊಂಡವರು ಹಾಗೆಯೇ ಹಿಡಿದು ಕೂತಿದ್ದರು.

"ಮತ್ತ ನನ್ನ ನೋಡಿ ಯಾಕ ಓಡಿ ಹೋಗ್ತಿದ್ದಿ?" ಎಂದು ಕೇಳಿದೆ.

"ನಿಮಗ ಹೇಳಬ್ಯಾಡ ಅಂತ ಅಮ್ಮಾರು ಆಣಿ ಹಾಕಿದ್ರು. ನಿಮ್ಮ ಮುಂದ ಸುಳ್ಳು ಹೇಳಾಕ ನನಗ ಬಾಯಿ ಬರಂಗಿಲ್ರಿ. ಅದಕ್ಕ ನಿಮ್ಮ ಮುಂದ ಬರೋದೇ ಬಿಟ್ಟೆ."

ವಾಪಸು ಬರುವ ಬಸ್ಸು ಚಿಟಗುಪ್ಪದ ಕ್ರಾಸು ದಾಟಿತು. ಆಮೇಲೆ ಯಜಮಾನರು, "ಅವ್ವಗ ಹೋಗೋ ಮನಸಿಲ್ಲ" ಎಂದರು. ಅವರ ಬಾಯಿಂದ ಒಂದು ಅರ್ಥವುಳ್ಳ ವಾಕ್ಯ ಬಂದದ್ದು ಕೇಳಿ ನಾನು ಬೆಚ್ಚಿದೆ. ವಿಚಾರ ಮಾಡಿದರೆ ಅದು ನಿಜವೇ. ಅತ್ತೆ ಚಿಲಕದ ಹಿಂದೆ ಕೂತು ಕೂತು ಬೇಸತ್ತು, ಊರಿಗೆ ಹೋಗುತ್ತೇನೆಂದರು. ಭಾವನವರ ತನಕ ಸುದ್ದಿ ಹೋಯಿತು. ಅಷ್ಟರಲ್ಲಿ ಬಾಗಿಲು ಹೋಗಿ ಓಣಿ ಒಳಗೆ ಬಂತು. ಈಗ ಇರುತ್ತೇನೆ ಎನ್ನಲು ಮರ್ಯಾದೆ ಅಡ್ಡ. ಮೋರಖಂಡಿಯಲ್ಲಿ ಎಲ್ಲರೂ ಅವರನ್ನು ಗೌರವಿಸುತ್ತಾರೆ ನಿಜ, ಆದರೆ ಅಲ್ಲಿ ಯಾರೂ ತೀರ್ಪು ಕೇಳಲು ಬರುವುದಿಲ್ಲ.

ಆದರೆ ಇದು ನನಗೆ ಗೊತ್ತಾಗಿದೆ ಎಂದು ಅತ್ತೆಗೆ ಗೊತ್ತಾದರೆ, ಅವರು ನಾಚಿಕೆಯಿಂದ ಮರುದಿನವೇ ಗಂಟು ಕಟ್ಟುವುದು ಖಂಡಿತ. ಆದ್ದರಿಂದ ನಾನು ಮನೆಗೆ ಬಂದವಳೇ, ಇವತ್ತೂ ಆ ಮೋನಪ್ಪ ಸಿಗಲಿಲ್ಲ ಎಂದು ಬೈದೆ. ಅತ್ತೆ, ಪಾಪ, ಅವನಿಗೂ ಎಷ್ಟು ಕೆಲಸವೋ ಎಂದರು. ಹೀಗೆ ನಮ್ಮಿಬ್ಬರ ನಾಟಕ ಶುರುವಾಯಿತು. ನಾನು ದಿನವೂ ಬೈಯುವುದು, ಅವರು ದಿನವೂ ಸಮಾಧಾನ ಮಾಡುವುದು. ಬೈಗುಳಿನಲ್ಲಿ ಮೊದಲಿನ ಕಾವಿಲ್ಲ ಎಂದು ಅವರಿಗೆ ಅನುಮಾನ ಬರಬಾರದೆಂದು ನಾನು ಬಸ್ಸಿನಲ್ಲಿ ಬರುವಾಗ ಹೊಸ ಹೊಸ ಶಬ್ದ ಜೋಡಿಸಿಕೊಂಡು ಬರುತ್ತಿದ್ದೆ. ಹೇಗೆ ಬಾಯಿ ತೆರೆಯಬೇಕು, ಯಾವಾಗ ತೆರೆಯಬೇಕು ಎಂದು ಒಳಗೊಳಗೆ ಕುದಿಯುತ್ತಲೂ ಇದ್ದೆ. ಇರಿ ಎಂದು ಬೇಡಿಕೊಂಡರೆ, ಯಾಕೆ ಈಗ ಬೇಡುತ್ತಿದ್ದಾಳೆ ಎಂದು ಅನುಮಾನಪಟ್ಟಾರು. ಬೇಡದಿದ್ದರೆ ಇಡೀ ಚಳಿಗಾಲ ನವಿಲಿನ ಹಿಂದೆ ಕಳೆಯಬೇಕು.

ಡಿಸೆಂಬರಿನ ಗಾಳಿ ಇದನ್ನು ತೀರ್ಮಾನಿಸಿತು. ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಮುಂದುಗಡೆ ಯಾರೋ ಕೆಮ್ಮಿದರು. ಒಳಗೆ ಬನ್ನಿ ಎಂದೆ. ಯಾರೂ ಬರಲಿಲ್ಲ, ಮತ್ತೆ ಕೆಮ್ಮು. ಹೋಗಿ ನೋಡಿದರೆ ಕೆಮ್ಮುತ್ತಿದ್ದವಳು ಅಂಬು. ರಾತ್ರಿಯಾಗುವಷ್ಟರಲ್ಲಿ ಮೈ ಸುಡತೊಡಗಿತು, ಎದೆಯಲ್ಲಿ ಗೊರಗೊರ ಸದ್ದು. ಡಾಕ್ಟರ ಮನೆಗೆ ಹೊತ್ತುಕೊಂಡು ಓಡಿದೆವು. ಅವರು ಔಷಧಿ ಕೊಟ್ಟು, ಥಂಡಿ ಗಾಳಿಗೆ ಮಲಗಿಸಬೇಡಿ, ಇಲ್ಲದಿದ್ದರೆ ಬೀದರಿನ ದೊಡ್ಡಾಸ್ಪತ್ರೆಗೆ ಒಯ್ಯಬೇಕಾದೀತು ಎಂದರು. ಮನೆಗೆ ಬಂದು ಒಳಗಿನ ಕೋಣೆಯಲ್ಲಿ ಮಲಗಿಸಿದಾಗ ಅತ್ತೆ ಅಜವಾನದ ಗಂಟು ಬಿಸಿ ಮಾಡಿ ಅವಳ ಬೆನ್ನಿಗೆ ಒತ್ತುತ್ತ ಕೂತರು. ಅವರ ಮುಖ ನೋಡಿದ ಮೇಲೆ ನಾನು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅತ್ತಿ, ಬಾಗಲಾ ಬಂದ ಮ್ಯಾಲೂ ನೀವು ಹೋಗಬ್ಯಾಡ್ರಿ," ಎಂದೆ. "ನೀವಿಲ್ದ ನನ್ನ ಕೈಲಿ ಈ ಮನಿ ನಡಿಯಂಗಿಲ್ಲ."

ಅವರು ಗಂಟು ಒತ್ತುತ್ತಲೇ ಇದ್ದರು. "ತೊಗರಿ ರಾಶಿ?" ಎಂದರು.

"ಭಾವನೋರು ಮಾಡ್ಕೋತಾರ."

"ಅವಗೇನ್ ತಿಳಿತದ," ಎಂದರು. ಅಂಬುವಿನ ಹೊದಿಕೆ ಸರಿಪಡಿಸಿ, ನನ್ನ ಕಡೆ ನೋಡದೆ, "ಚಿಲಕಾ ಹಾಕ್ಕೊಂಡು ಒಳಗ ಕುಂಡ್ರು ಅಂದ್ರ ಇನ್ನ ನನಗ ಆಗಂಗಿಲ್ಲ ನೋಡವಾ" ಎಂದರು.

"ತೆರದೇ ಇಡ್ರಿ. ನಿಮ್ಮ ಮನಿ, ನಿಮ್ಮ ಬಾಗಲಾ."

"ಇಷ್ಟು ಹೇಳಿದ ಮ್ಯಾಲ ಹ್ಯಾಂಗ ಹೋಗ್ಲಿ," ಎಂದರು ಅತ್ತೆ. ನನಗೋಸ್ಕರ ದೊಡ್ಡ ತ್ಯಾಗ ಮಾಡುವವರ ದನಿ ಇತ್ತು. ನಾನು ಅದನ್ನು ಕೃತಜ್ಞತೆಯಿಂದ ಸ್ವೀಕರಿಸಿದೆ. ನಾಟಕವಲ್ಲ, ನಿಜವಾಗಿಯೇ ಕಣ್ಣಲ್ಲಿ ನೀರು ಬಂತು.

ಮರುದಿನ ಹಾಲಿನವನಿಗಿಂತ ಮೊದಲು ಓಣಿಯಲ್ಲಿ ಬಂಡಿಯ ಸದ್ದಾಯಿತು. ಗೋಣಿಯಲ್ಲಿ ಸುತ್ತಿದ ಹೊಸ ಬಾಗಿಲು, ಅದರ ಹಿಂದೆ ಮೋನಪ್ಪ. ಅವನಿಗೆ ಹೇಳಿ ಕಳಿಸಿದವಳು ನಾನಲ್ಲ. ರಜಿಯಾಬಿಯ ಗಂಡ ಬೆಳಕು ಹರಿಯುವ ಮೊದಲೇ ಸೈಕಲ್ಲು ಹತ್ತಿ ಅವನ ಮನೆ ಕಡೆ ಹೋದದ್ದನ್ನು ನೋಡಿದ್ದೆ, ನೋಡಿಲ್ಲದ ಹಾಗೆ ಇದ್ದೆ. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಕೂಸಿಗೆ ಜ್ವರ ಬಂತಲ್ಲ ನಿನ್ನ ಸಲುವಾಗಿ ಎಂದು ಇಡೀ ಓಣಿಗೆ ಕೇಳುವ ಹಾಗೆ ಅವನನ್ನು ಬೈದರು. ಮೋನಪ್ಪ ತಲೆ ತಗ್ಗಿಸಿ, ತಪ್ಪಾಯ್ತ್ರಿ ಅಮ್ಮಾರ ಎಂದ. ನನ್ನ ಪಾಲಿನ ಬೈಗುಳನ್ನು ನಾನೂ ಸೇರಿಸಿದೆ. ಅವನು ಒಮ್ಮೆ ಅತ್ತೆಯನ್ನೂ ಒಮ್ಮೆ ನನ್ನನ್ನೂ ನೋಡಿ, ಚೀಲದಿಂದ ಸುತ್ತಿಗೆ ತೆಗೆದು ಕೆಲಸಕ್ಕೆ ತೊಡಗಿದ. ಎಷ್ಟು ಜನರ ಗುಟ್ಟು ಬಚ್ಚಿಟ್ಟುಕೊಂಡು ಬಡಿಗರು ಮೊಳೆ ಹೊಡೆಯುತ್ತಾರೋ ಏನೋ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಕೂತಿತು. ಅಂಬುವಿನ ಜ್ವರ ಅದೇ ವಾರ ಇಳಿಯಿತು.

ಬಾಗಿಲು ಕೂತರೂ ಹಗಲೆಲ್ಲ ತೆರೆದೇ ಇರುತ್ತಿತ್ತು. ಮೊದಮೊದಲು ನನಗೆ ಶಾಲೆಯಲ್ಲಿ ಅದೇ ಚಿಂತೆ. ಆಮೇಲೆ ಅದನ್ನೂ ಬಿಟ್ಟು, ಹೊಸ ಬೀಗದ ಎರಡನೆಯ ಕೀಲಿ ಕಳೆದುಹೋದರೆ ಗತಿಯೇನು ಎಂಬ ಚಿಂತೆ ಹಿಡಿದೆ. ಎಲ್ಲೂ ಬೀಳದಿರಲಿ ಎಂದು ಅದನ್ನು ಮನೆಯ ಒಳಗೆ, ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ ಭದ್ರವಾಗಿ ಇಟ್ಟೆ.

ಸಂಕ್ರಾಂತಿಯ ಸುಮಾರಿಗೆ ಒಂದು ಸಂಜೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಅತ್ತೆ ಅಂಬುವನ್ನು ಕರೆದುಕೊಂಡು, ರಜಿಯಾಬಿಯ ಜೊತೆಗೆ, ಯಾರದೋ ಮನೆಯ ಮದುವೆ ಸೀರೆ ನೋಡಲು ಹೋಗಿದ್ದರಂತೆ. ಯಾರ ಮನೆ, ಯಾವ ಓಣಿ ಎಂಬುದು ಒಬ್ಬರಿಗೂ ತಿಳಿಯದು. ಯಜಮಾನರದು ಎರಡನೆಯ ಪಾಳಿ. ನಾನು ಮೆಟ್ಟಿಲ ಮೇಲೆ ಕೂತೆ, ಎದ್ದೆ, ಓಣಿಯ ತುದಿಗೆ ಹೋಗಿ ಬಂದೆ, ಬಾಗಿಲನ್ನು ದೂಡಿದೆ, ಸಂದಿಯಿಂದ ಒಳಗೆ ನೋಡಲು ಕಣ್ಣು ಹಚ್ಚಿದೆ. ಸಂದಿಯೇ ಇರಲಿಲ್ಲ. ಹಾಗೆ ಬಾಗಿಲಿಗೆ ಮುಖ ಹಚ್ಚಿ ನಿಂತಿದ್ದಾಗ ಮೋನಪ್ಪ ಸೈಕಲ್ಲಿನ ಮೇಲೆ ಬಂದ. ನಾನು ಅವನ ಕೆಲಸದ ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ಇಳಿದು ಬಂದು, ಚೌಕಟ್ಟಿಗೂ ಬಾಗಿಲಿಗೂ ನಡುವೆ ಬೆರಳಾಡಿಸಿ, "ನೋಡ್ರಿ ಬಾಯಾರ, ಸೂಜಿ ಸೈತ ಒಳಗ ಹೋಗಂಗಿಲ್ಲ" ಎಂದ.

ಭಾಳ ಚಲೋ ಆಗಿದೆ ಎಂದು ಹೇಳಿ ಕಳಿಸಿದೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸೂಜಿಯೇನು, ಮನೆಯೊಡತಿಯೂ ಒಳಗೆ ಹೋಗುವಂತಿರಲಿಲ್ಲ.